ಗರ್ಭಕೋಶದ ನಾರುಗಡ್ಡೆಯೂ ಆಹಾರವಿವೇಕವೂ

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಈ ಕನ್ನಡ ಸಂಘದ ಉತ್ಸವದಲ್ಲಿ ನಾಲ್ಕು ಮಾತುಗಳನ್ನಾಡುವಂತೆ ನನ್ನನ್ನು ಕರೆದ ಕಾರ್ಯಕಾರಿ ಮಂಡಲಿಗೆ ನಾನು ಕೃತಜ್ಞಳಾಗಿದ್ದೇನೆ. ಕನ್ನಡದ ಅಧ್ಯಾಪಿಕೆಯೊಬ್ಬಳು ವೇದಿಕೆಯನ್ನೇರಿದರೆ ಪಂಪನನ್ನೋ ಬಸವಣ್ಣನವರನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವಳೆಂದು ಸಭಿಕರು ನಿರೀಕ್ಷಿಸುವುದು ಸಹಜ. ಕಳೆದ ವರ್ಷಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಈ ಸಲ ಬೇರೊಂದು ವಿಷಯವನ್ನೆತ್ತಿಕೊಳ್ಳಲು ಅಧ್ಯಕ್ಷರ ಅಪ್ಪಣೆಯನ್ನು ಮೊದಲೇ ಪಡೆದಿದ್ದೇನೆ. ಹೆಂಗಸರ ಗರ್ಭಕೋಶದಲ್ಲಿ ಬೆಳೆಯುವ ನಾರುಗಡ್ಡೆ, ವೈದ್ಯರು ಫೈಬ್ರಾಯ್ಡ್ ಎಂದು ಕರೆಯುವುದು, ಇಂದಿನ ನನ್ನ ವಿಷಯ. ಗಂಡಸರೂ ಕುಳಿತಿರುವ ಸಭೆಯಲ್ಲಿ ಇಂಥ ಮಾತೇ ಎಂದು ಕೆಲವರಿಗೆ ಸಂಕೋಚವಾಗಬಹುದು. ಆ ಸಂಕೋಚಕ್ಕೆ ನಮ್ಮ ಹೆಣ್ಣುಮಕ್ಕಳು ತೆರುತ್ತಿರುವ ಬೆಲೆ ಎಷ್ಟೆಂಬುದನ್ನು ತಿಳಿಸುವುದಕ್ಕಾಗಿಯೇ ನಾನಿಲ್ಲಿ ನಿಂತಿದ್ದೇನೆ.

ನಾನು ವೈದ್ಯಳಲ್ಲ. ವಿದ್ವಾನ್ ಪರೀಕ್ಷೆಗೆ ಓದಿದ ಛಂದಸ್ಸು, ಅಲಂಕಾರಗಳು ರೋಗಚಿಕಿತ್ಸೆಗೆ ಬರುವುದಿಲ್ಲವೆಂಬುದನ್ನೂ ಬಲ್ಲೆ. ಆದರೆ ಈ ರೋಗ ನನಗೆ ಬಂದಿತು. ಬಂದ ಮೇಲೆ ಓದಿದೆ, ಬಲ್ಲವರನ್ನು ಕೇಳಿದೆ, ಕೆಲವು ತಪ್ಪುಗಳನ್ನು ಮಾಡಿದೆ, ಕೆಲವನ್ನು ತಿದ್ದಿಕೊಂಡೆ. ಆ ಅನುಭವವನ್ನೇ ತಮ್ಮ ಮುಂದಿಡುತ್ತೇನೆ.

ಆಗ ನನಗೆ ನಾಲ್ವತ್ತೊಂದು ವರ್ಷ. ತಿಂಗಳಿಗೆ ನಾಲ್ಕು ದಿನವಿದ್ದ ಮುಟ್ಟು ಎಂಟು ದಿನಕ್ಕೇರಿತು, ಹತ್ತಕ್ಕೇರಿತು. ಶಾಲೆಯಲ್ಲಿ ಎರಡು ತಾಸಿನ ಪಾಠವನ್ನು ಒಟ್ಟಿಗೆ ಮಾಡುವುದು ಕಷ್ಟವಾಯಿತು. ಕಪ್ಪು ಬಣ್ಣದ ಸೀರೆಗಳನ್ನೇ ಉಡತೊಡಗಿದೆ. ಮೆಟ್ಟಿಲೇರಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ವಯಸ್ಸಾಯಿತೆಂದುಕೊಂಡೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದು ಒಬ್ಬ ಗೆಳತಿಗೆ ಮಾತ್ರ. ಅವಳು ಅಂತಃಕರಣದಿಂದಲೇ ಒಬ್ಬ ಚೂರ್ಣ ಮಾರುವವರಲ್ಲಿಗೆ ನನ್ನನ್ನು ಕರೆದೊಯ್ದಳು. ಅವರು ನನ್ನ ನಾಡಿಯನ್ನೂ ನೋಡಲಿಲ್ಲ, ಕಣ್ಣಿನ ರೆಪ್ಪೆಯನ್ನೂ ನೋಡಲಿಲ್ಲ. “ಹಾರ್ಮೋನು ಕೆಟ್ಟಿದೆ, ಆರು ತಿಂಗಳಲ್ಲಿ ಗಂಟು ಕರಗುತ್ತದೆ, ಇಂಗ್ಲಿಷ್ ಔಷಧಿ ಮುಟ್ಟಬೇಡಿ” ಎಂದರು. ಆರು ತಿಂಗಳು ಹದಿನೈದು ತಿಂಗಳಾಯಿತು. ಗಂಟು ಕರಗಿತೋ ಬೆಳೆಯಿತೋ ನೋಡಿದವರಾರು? ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ವ್ಯಾಕರಣ ಹೇಳುತ್ತಿದ್ದಂತೆ ಕರಿಹಲಗೆಯ ಮೇಲಿನ ಅಕ್ಷರಗಳು ಮಸಕಾದವು. ಕಣ್ಣು ತೆರೆದಾಗ ಹುಡುಗಿಯರು ನನಗೆ ಗಾಳಿ ಹಾಕುತ್ತಿದ್ದರು. ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಆರೂ ಮುಕ್ಕಾಲು ಗ್ರಾಮ್ ಇತ್ತು. ಗರ್ಭಿಣಿಯಲ್ಲದ ವಯಸ್ಕ ಹೆಂಗಸಿಗೆ ಅದು 12 ಗ್ರಾಮಿಗಿಂತ ಕಡಮೆಯಿರಬಾರದು. 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಗಣನೆ.

ಇನ್ನು ಕಥೆಯ ಎರಡನೆಯ ಭಾಗ. ಮರುದಿನ ಮನೆಯವರು ನನ್ನನ್ನು ಒಂದು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಹತ್ತು ನಿಮಿಷದೊಳಗೆ ತೀರ್ಪು ಬಂದಿತು: “ಎರಡು ಮಕ್ಕಳಾಗಿವೆ, ಇನ್ನು ಪಿಶವಿಯ ಕೆಲಸವೇನು? ತೆಗೆದುಬಿಡೋಣ.” ಚೂರ್ಣದವರು ನೋಡದೆ ಕರಗಿಸುವೆನೆಂದರು, ಇವರು ವಿವರಿಸದೆ ತೆಗೆಯುವೆನೆಂದರು. ಇವೆರಡರ ನಡುವೆ ಒಂದು ದಾರಿಯಿದೆ ಎಂಬುದನ್ನು ನನಗೆ ತೋರಿಸಿದವರು ಸೊಲ್ಲಾಪುರದಲ್ಲಿ ಮೂರನೆಯದಾಗಿ ಕಂಡ ವೈದ್ಯೆ. ಆ ದಾರಿಯನ್ನೇ ಈಗ ವಿವರಿಸುತ್ತೇನೆ.

ನಾರುಗಡ್ಡೆಯೆಂದರೇನು? ಗರ್ಭಕೋಶದ ಗೋಡೆ ಸ್ನಾಯುವಿನಿಂದಾದುದು. ಆ ಸ್ನಾಯುವಿನ ಒಂದೇ ಒಂದು ಕಣ ತನ್ನ ಮಿತಿಯನ್ನು ಮರೆತು ಹೆಚ್ಚತೊಡಗಿದರೆ ನಾರಿನಿಂದ ಕೂಡಿದ ಗಟ್ಟಿಯಾದ ಗಂಟಾಗುತ್ತದೆ. ಅದು ಕಡಲೆಯಷ್ಟಿರಬಹುದು, ಕಲ್ಲಂಗಡಿಯಷ್ಟೂ ಆಗಬಹುದು. ಇದು ಕ್ಯಾನ್ಸರಲ್ಲ, ಇದರಂತೆಯೇ ತೋರುವ ಕ್ಯಾನ್ಸರಿನ ಗಡ್ಡೆ ಬಹಳ ವಿರಳ. ಇದು ಎಷ್ಟು ಸಾಮಾನ್ಯವೆಂದರೆ, ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಐವತ್ತು ತುಂಬುವ ಹೊತ್ತಿಗೆ ಬಿಳಿಯ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ, ಕರಿಯ ಹೆಂಗಸರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಈ ಗಡ್ಡೆ ಇರುತ್ತದೆ. ಅವರಲ್ಲಿ ಅನೇಕರಿಗೆ ಅದರ ಅರಿವೇ ಇರುವುದಿಲ್ಲ. ಯಾವ ತೊಂದರೆಯನ್ನೂ ಕೊಡದ ಗಡ್ಡೆಗೆ ಯಾವ ಚಿಕಿತ್ಸೆಯೂ ಬೇಡ.

ಗಡ್ಡೆಯ ಗಾತ್ರಕ್ಕಿಂತ ಅದರ ಸ್ಥಾನ ಮುಖ್ಯ. ಗರ್ಭಕೋಶದ ಒಳಪದರಿಗೆ ತಾಗಿ ಬೆಳೆದುದು ಚಿಕ್ಕದಾದರೂ ರಕ್ತವನ್ನು ಹರಿಸುತ್ತದೆ. ಗೋಡೆಯೊಳಗೆ ಬೆಳೆದುದು ನೋವನ್ನೂ ರಕ್ತಸ್ರಾವವನ್ನೂ ತರಬಹುದು. ಹೊರಮೈಯಲ್ಲಿ ಬೆಳೆದುದು ದೊಡ್ಡದಾದರೂ ಮೂತ್ರಕೋಶವನ್ನೋ ಕರುಳನ್ನೋ ಒತ್ತುವುದೇ ಹೊರತು ಹೆಚ್ಚು ರಕ್ತವನ್ನು ಹರಿಸದೆ ಇರಬಹುದು. ಆದುದರಿಂದ “ನಿಮ್ಮ ಗಡ್ಡೆ ಎಷ್ಟು ದೊಡ್ಡದು?” ಎಂಬ ಪ್ರಶ್ನೆಯ ಜೊತೆಗೇ “ಎಲ್ಲಿದೆ?” ಎಂದೂ ಕೇಳತಕ್ಕದ್ದು.

ಇದು ಯಾರ ತಪ್ಪಿನಿಂದ ಬಂತು? ನಮ್ಮ ಕಡೆ ಇದಕ್ಕೆ ಹಲವು ಉತ್ತರಗಳಿವೆ: ಉಷ್ಣ ಪದಾರ್ಥ ತಿಂದದ್ದು, ಮುಟ್ಟಿನಲ್ಲಿ ತಲೆಗೆ ನೀರು ಹಾಕಿಕೊಂಡದ್ದು, ಮನೆದೇವರಿಗೆ ನಡೆದುಕೊಳ್ಳದ್ದು. 2011ರಲ್ಲಿ ಫಿನ್‌ಲೆಂಡಿನ ಸಂಶೋಧಕರು ಈ ಗಡ್ಡೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 70ರಲ್ಲಿ ಎಂಇಡಿ-12 ಎಂಬ ಒಂದೇ ಜೀನಿನಲ್ಲಿ ವ್ಯತ್ಯಾಸವಾಗಿರುವುದು ಕಂಡುಬಂದಿತು. ಒಂದು ಕಣದೊಳಗೆ ನಮಗೆ ಅರಿಯದಂತೆ ನಡೆದುಹೋದ ಅಕ್ಷರದೋಷವಿದು. ಬರೆಯುವಾಗ ಕೈತಪ್ಪಿ ಒಂದು ಒತ್ತಕ್ಷರ ಬಿದ್ದುಹೋದರೆ ಅದಕ್ಕೆ ಲೇಖಕನ ಶೀಲವನ್ನು ಯಾರೂ ಶಂಕಿಸುವುದಿಲ್ಲವಷ್ಟೆ. ಹಾಗೆಯೇ ಗಡ್ಡೆ ಬಂದ ಹೆಂಗಸನ್ನು ದೂರುವುದಕ್ಕೆ ಯಾವ ಕಾರಣವೂ ಇಲ್ಲ.

ಹಾರ್ಮೋನುಗಳ ಮಾತಿಗೆ ಬರೋಣ. ಏಕೆಂದರೆ “ಹಾರ್ಮೋನಿನ ಸಮತೋಲ” ಎಂಬ ಮಾತು ಇಂದು ಎಲ್ಲರ ಬಾಯಲ್ಲಿದೆ. ಹುಟ್ಟಿದ ಗಡ್ಡೆ ಬೆಳೆಯುವುದು ಅಂಡಾಶಯದಿಂದ ಸ್ರವಿಸುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ರಸಗಳಿಂದ. ಆದುದರಿಂದಲೇ ಮೈನೆರೆಯುವುದಕ್ಕೆ ಮುಂಚೆ ಇದು ಕಾಣುವುದಿಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಸಂಕೋಚಗೊಳ್ಳುತ್ತದೆ. ಈಸ್ಟ್ರೋಜನ್ ಹೆಚ್ಚಾದುದೇ ಕಾರಣ, ಅದನ್ನು ಇಳಿಸಿದರೆ ಸಾಕು ಎಂದು ಹೇಳುವವರಿದ್ದಾರೆ. ಸಂಗತಿ ಅಷ್ಟು ಸರಳವಲ್ಲ. ಗಡ್ಡೆಯ ಬೆಳವಣಿಗೆಗೆ ಪ್ರೊಜೆಸ್ಟರಾನೂ ಬೇಕೆಂಬುದು ಈಗ ತಿಳಿದಿದೆ. ಅಲ್ಲದೆ ಪ್ರತಿ ತಿಂಗಳೂ ಕ್ರಮವಾಗಿ ಮುಟ್ಟಾಗುವ, ಹಾರ್ಮೋನುಗಳು ನೆಟ್ಟಗಿರುವ ಹೆಂಗಸರಲ್ಲಿಯೂ ಗಡ್ಡೆ ಬೆಳೆಯುತ್ತದೆ. ರಸ ಕೆಟ್ಟಿತೆಂದಲ್ಲ, ಸರಿಯಾಗಿಯೇ ಇರುವ ರಸವನ್ನು ಗಡ್ಡೆ ಹೆಚ್ಚಾಗಿ ಹೀರಿಕೊಳ್ಳುತ್ತದೆಂದು ತಿಳಿದರೆ ನಿಜಕ್ಕೆ ಹತ್ತಿರವಾದೀತು. ಒಂದೇ ಹೊಲಕ್ಕೆ ಹಾಯಿಸಿದ ನೀರನ್ನು ಪೈರಿಗಿಂತ ಕಳೆ ಹೆಚ್ಚು ಕುಡಿಯುವುದಿಲ್ಲವೇ, ಹಾಗೆ.

ಇಲ್ಲಿ ನಮ್ಮ ಕೈಯಲ್ಲಿರುವುದೂ ಒಂದುಂಟು. ಮೈಯ ಕೊಬ್ಬು ಸುಮ್ಮನೆ ಕುಳಿತಿರುವ ಪದಾರ್ಥವಲ್ಲ; ಅದೂ ಈಸ್ಟ್ರೋಜನನ್ನು ತಯಾರಿಸುತ್ತದೆ. ಅತಿಯಾದ ತೂಕವಿರುವವರಲ್ಲಿ ನಾರುಗಡ್ಡೆ ಹೆಚ್ಚಾಗಿ ಕಂಡುಬರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ದಿನವೂ ನಡೆಯುವುದು, ಎಣ್ಣೆ ಸಕ್ಕರೆಗಳನ್ನು ಹಿಡಿತದಲ್ಲಿಡುವುದು, ತೂಕವನ್ನು ಕಾಯ್ದುಕೊಳ್ಳುವುದು ಸಕ್ಕರೆ ರೋಗಕ್ಕೂ ರಕ್ತದೊತ್ತಡಕ್ಕೂ ಹೇಗೋ ಇಲ್ಲಿಯೂ ಹಾಗೆ ಹಿತ. ಆದರೆ ಹೀಗೆ ಮಾಡಿದರೆ ಇದ್ದ ಗಡ್ಡೆ ಕರಗುವುದೆಂದು ಯಾರೂ ಸಿದ್ಧಪಡಿಸಿಲ್ಲ.

ಆಹಾರವನ್ನು ಕುರಿತು ನಡೆದಿರುವ ಸಂಶೋಧನೆಗಳಿಂದ ಮೂರನ್ನು ಮಾತ್ರ ಹೇಳುತ್ತೇನೆ. ಇಟಲಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೊಪ್ಪು, ತರಕಾರಿ, ಹಣ್ಣುಗಳನ್ನು ಹೆಚ್ಚಾಗಿ ತಿನ್ನುವ ಹೆಂಗಸರಲ್ಲಿ ಗಡ್ಡೆ ಕಡಮೆಯಾಗಿಯೂ ದನ ಹಂದಿಗಳ ಮಾಂಸವನ್ನು ಹೆಚ್ಚಾಗಿ ತಿನ್ನುವವರಲ್ಲಿ ಹೆಚ್ಚಾಗಿಯೂ ಕಂಡಿತು. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ‘ಡಿ’ ಜೀವಸತ್ತ್ವ ಸಾಕಷ್ಟಿದ್ದ ಹೆಂಗಸರಿಗೆ ಗಡ್ಡೆಯಿರುವ ಸಂಭವ ನೂರಕ್ಕೆ 32ರಷ್ಟು ಕಡಮೆಯಿತ್ತು. ಅದೇ 2013ರಲ್ಲಿ ಈಜಿಪ್ಟಿನ ವೈದ್ಯರು ಹಸಿರು ಚಹಾದ ಸಾರವನ್ನು ದಿನಕ್ಕೆ 800 ಮಿಲಿಗ್ರಾಮಿನಂತೆ ನಾಲ್ಕು ತಿಂಗಳು ಕೊಟ್ಟು ನೋಡಿದರು. ಗಡ್ಡೆಗಳ ಗಾತ್ರ ಸರಾಸರಿ ಮೂರರಲ್ಲೊಂದು ಭಾಗದಷ್ಟು ಇಳಿಯಿತು.

ಕೇಳುವುದಕ್ಕೆ ಸೊಗಸಾಗಿದೆ. ಆದರೆ ವಿದ್ಯಾರ್ಥಿಗೆ ಹೇಳುವಂತೆ ತಮಗೂ ಹೇಳುತ್ತೇನೆ: ಜೊತೆಯಲ್ಲಿರುವುದೆಲ್ಲ ಕಾರಣವಲ್ಲ. ಕೊಡೆ ಹಿಡಿದವರು ಹೆಚ್ಚಿದ ದಿನ ಮಳೆ ಬರುತ್ತದೆ. ಕೊಡೆಯಿಂದ ಮಳೆ ಬರುವುದಿಲ್ಲ. ಮೊದಲಿನ ಎರಡು ಅಧ್ಯಯನಗಳು ಹೇಳುವುದು ಸಂಬಂಧವನ್ನು, ಚಿಕಿತ್ಸೆಯನ್ನಲ್ಲ. ಮೂರನೆಯದು ನಿಜವಾದ ಪ್ರಯೋಗವೇ ಆದರೂ ಅದನ್ನು ಪೂರೈಸಿದವರು 33 ಹೆಂಗಸರು ಮಾತ್ರ. ಅಷ್ಟಲ್ಲದೆ, ಆ ಸಾರವನ್ನು ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾಗುವ ಸೂಚನೆಗಳಿವೆಯೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ನಿಸರ್ಗದಿಂದ ಬಂದುದೆಲ್ಲ ನಿರಪಾಯವಲ್ಲ. ಉಮ್ಮತ್ತಿಯ ಕಾಯಿಯೂ ನಿಸರ್ಗದ್ದೇ.

ನಮ್ಮ ಅಡಿಗೆಮನೆಯ ಅಗಸೆಯ ಚಟ್ನಿಯನ್ನು ಕುರಿತು ಅನೇಕರು ಕೇಳುತ್ತಾರೆ. ಅಗಸೆಯಲ್ಲಿ ಈಸ್ಟ್ರೋಜನನ್ನು ಸ್ವಲ್ಪಮಟ್ಟಿಗೆ ಹೋಲುವ ಪದಾರ್ಥಗಳಿರುವುದು ನಿಜ. ಅದರಿಂದ ಗಡ್ಡೆ ಕರಗುವುದೆಂಬುದಕ್ಕೂ ಬೆಳೆಯುವುದೆಂಬುದಕ್ಕೂ ಗಟ್ಟಿಯಾದ ಆಧಾರವಿಲ್ಲ. ರೊಟ್ಟಿಯ ಜೊತೆಗೆ ರುಚಿಗಾಗಿ ತಿನ್ನಿರಿ. ಔಷಧವೆಂದು ಮುಷ್ಟಿಗಟ್ಟಲೆ ನುಂಗಬೇಡಿರಿ.

ನಮ್ಮ ಪ್ರಾಚೀನರನ್ನು ಕೆಲವರು ಸಾಕ್ಷಿಗೆ ಕರೆಯುವುದುಂಟು. ಚರಕಸಂಹಿತೆಯಲ್ಲಿ ಸ್ತ್ರೀಯರಿಗೆ ಮಾತ್ರ ಬರುವ ರಕ್ತಗುಲ್ಮವೆಂಬ ವ್ಯಾಧಿಯ ವರ್ಣನೆಯಿದೆ. ಅದೂ ಇಂದಿನ ನಾರುಗಡ್ಡೆಯೂ ಒಂದೇ ಎಂದು ನಾನು ಹೇಳಲಾರೆ. ಆದರೆ ಅಲ್ಲಿಯ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: ಹೊಟ್ಟೆಯಲ್ಲಿರುವುದು ಗರ್ಭವೋ ಗುಲ್ಮವೋ ಎಂಬ ಸಂದೇಹ ಕಳೆಯಲು ಹತ್ತನೆಯ ತಿಂಗಳು ಕಳೆಯುವವರೆಗೆ ಚಿಕಿತ್ಸೆಯನ್ನು ತಡೆಯಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ರೋಗವೇನೆಂದು ತಿಳಿಯದೆ ಮದ್ದು ಕೊಡಬಾರದೆಂಬ ವಿವೇಕ ಅವರಿಗಿತ್ತು. ಅವರು ಹತ್ತು ತಿಂಗಳು ಕಾದು ತಿಳಿಯಬೇಕಾಗಿದ್ದುದನ್ನು ಇಂದು ಸೋನೋಗ್ರಫಿ ಕಾಲುಗಂಟೆಯಲ್ಲಿ ತೋರಿಸುತ್ತದೆ. ಅದನ್ನು ಮಾಡಿಸದೆ ಹದಿನೈದು ತಿಂಗಳು ಚೂರ್ಣ ತಿಂದವಳು ಆಧುನಿಕಳೂ ಅಲ್ಲ, ಚರಕನ ಅನುಯಾಯಿಯೂ ಅಲ್ಲ.

ಹಾಗಾದರೆ ಆಹಾರದಿಂದ ಪ್ರಯೋಜನವೇ ಇಲ್ಲವೇ? ಇದೆ, ಬಹಳ ಇದೆ. ಆಹಾರ ಗಡ್ಡೆಯನ್ನು ಕರಗಿಸುವುದಿಲ್ಲ. ಗಡ್ಡೆ ಕದ್ದುದನ್ನು ತುಂಬಿಕೊಡುವುದಕ್ಕೆ ನೆರವಾಗುತ್ತದೆ. ಕದಿಯುವುದು ಕಬ್ಬಿಣವನ್ನು. ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂದರೆ ಗಡ್ಡೆ ಬರುವುದಕ್ಕೆ ಮುಂಚೆಯೇ ನಮ್ಮ ಕಣಜ ಅರ್ಧ ಖಾಲಿ.

ಅಧ್ಯಾಪಿಕೆಯಾದುದರಿಂದ ಒಂದು ಲೆಕ್ಕವನ್ನು ಹಾಕಿ ತೋರಿಸುತ್ತೇನೆ. ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಮು ಕಬ್ಬಿಣವಿರುತ್ತದೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿಸ್ರಾವವೆನ್ನುತ್ತಾರೆ. ಅಲ್ಲಿಗೆ 40 ಮಿಲಿಗ್ರಾಮು ಕಬ್ಬಿಣ ಹೋಯಿತು. ಅದರ ಎರಡರಷ್ಟು ರಕ್ತ ಹೋದರೆ 80. ಇನ್ನು ಆದಾಯವನ್ನು ನೋಡೋಣ. ಕಾಳು ಸೊಪ್ಪುಗಳ ಒಳ್ಳೆಯ ಊಟದಿಂದ ದಿನಕ್ಕೆ 20 ಮಿಲಿಗ್ರಾಮು ಕಬ್ಬಿಣ ಹೊಟ್ಟೆಗೆ ಹೋದರೂ ಮೈಗೆ ಹತ್ತುವುದು ನೂರಕ್ಕೆ ಐದರಿಂದ ಎಂಟು ಪಾಲು. ಎಂದರೆ ದಿನಕ್ಕೆ 1ರಿಂದ 1.6 ಮಿಲಿಗ್ರಾಮು, ತಿಂಗಳಿಗೆ 30ರಿಂದ 48. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮುಟ್ಟಿಲ್ಲದಿದ್ದರೂ ದಿನನಿತ್ಯ ಸವೆದುಹೋಗುವುದಕ್ಕೇ ಸಲ್ಲುತ್ತದೆ. ಉಳಿದುದರಿಂದ 80ನ್ನು ತುಂಬುವುದು ಹೇಗೆ? ತಳ ಸೋರುವ ಕೊಡಕ್ಕೆ ಎಷ್ಟು ಸೇದಿ ಹಾಕಿದರೂ ಕೊಡ ತುಂಬದು. ಮೊದಲು ಸೋರುವುದನ್ನು ನಿಲ್ಲಿಸಬೇಕು, ಆ ಮೇಲೆ ತುಂಬಬೇಕು. ನನ್ನ ಇಂದಿನ ಭಾಷಣದ ಸಾರ ಇಷ್ಟೇ.

ತುಂಬುವ ಬಗೆಯನ್ನು ಹೇಳುತ್ತೇನೆ. ನಮ್ಮ ಸೀಮೆಯ ಊಟ ಬಡವಾದುದಲ್ಲ. ಜೋಳದ ರೊಟ್ಟಿ, ಮಡಕಿಕಾಳು, ಹುರುಳಿ, ಹೆಸರು, ಗುರೆಳ್ಳು, ರಾಜಗಿರಿ, ಮೆಂತ್ಯ, ನುಗ್ಗೆಯ ಸೊಪ್ಪು ಇವೆಲ್ಲವೂ ಕಬ್ಬಿಣವುಳ್ಳವು. ಆದರೆ ಸಸ್ಯಗಳ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೆ ಹುಳಿಯ ಜೊತೆ ಬೇಕು. ‘ಸಿ’ ಜೀವಸತ್ತ್ವವಿರುವ ನಿಂಬೆ, ನೆಲ್ಲಿ, ಪೇರಲ, ಟೊಮೇಟೊ, ಹಸಿಮೆಣಸು, ಹಸಿ ಕೊತ್ತಂಬರಿ ಅದೇ ಊಟದಲ್ಲಿರಬೇಕು. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ತಡೆಹಿಡಿಯುವ ಅಂಶ ಇಳಿಯುತ್ತದೆ. ಮೊಳಕೆಯೊಡೆದ ಮಡಕಿಯ ಪಲ್ಯಕ್ಕೆ ನಿಂಬೆ ಹಿಂಡುತ್ತಿದ್ದ ನಮ್ಮ ಅಜ್ಜಿಯರು ಈ ಶಾಸ್ತ್ರವನ್ನು ಓದದೆಯೇ ಆಚರಿಸಿದರು. ಮಾಂಸಾಹಾರಿಗಳಿಗೆ ಮೀನು ಕೋಳಿಗಳಲ್ಲಿರುವ ಕಬ್ಬಿಣ ಇನ್ನೂ ಸುಲಭವಾಗಿ ಹತ್ತುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಚಾಳಿ ನಮ್ಮಲ್ಲಿದೆ. ಬೆಳಗಿನಲ್ಲಿ ಚಪಾತಿಯನ್ನು ಚಹಾದಲ್ಲಿ ಅದ್ದಿ ತಿನ್ನುವುದು, ಊಟವಾದ ಕೂಡಲೇ ಇನ್ನೊಂದು ಬಟ್ಟಲು ಚಹಾ ಕುಡಿಯುವುದು. ಚಹಾದ ಒಗರು ಊಟದ ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಚಹಾ ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ, ನಾನೇ ಬಿಟ್ಟಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿರಲಿ. ದಾಳಿಂಬೆ, ಗಜ್ಜರಿ, ಬೀಟರೂಟುಗಳು ಕೆಂಪಾಗಿರುವುದರಿಂದ ರಕ್ತವನ್ನು ಹೆಚ್ಚಿಸುತ್ತವೆಂಬ ನಂಬಿಕೆಯೂ ಇದೆ. ಸೊಲ್ಲಾಪುರದ ದಾಳಿಂಬೆ ನಮಗೆಲ್ಲ ಹೆಮ್ಮೆಯ ಹಣ್ಣು, ಹಿತವಾದ ಹಣ್ಣು. ಆದರೆ ಅದರಲ್ಲಿ ಕಬ್ಬಿಣ ತೀರ ಅಲ್ಪ. ಬಣ್ಣ ರಕ್ತವಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ದೋಷ ಬೇರೆ. ಎಲ್ಲರೂ ಉಂಡ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿಯನ್ನೂ ಪಾತ್ರೆಗೆ ಅಂಟಿದ ಪಲ್ಯವನ್ನೂ ತಿನ್ನುವವಳಿಗೆ ನಾನು ಮಾಡಿದ ಈ ಆಹಾರೋಪದೇಶ ಯಾವ ಕೆಲಸಕ್ಕೆ ಬಂದೀತು? ಸಭೆಯಲ್ಲಿರುವ ಸೋದರರು ಇದೊಂದನ್ನು ಮನೆಗೆ ಒಯ್ಯಬೇಕೆಂದು ಅರಿಕೆ ಮಾಡಿಕೊಳ್ಳುತ್ತೇನೆ.

ಹಿಮೋಗ್ಲೋಬಿನ್ ಇಳಿದ ಮೇಲೆ ಊಟವೊಂದರಿಂದ ಅದು ಏರದು. ಕಬ್ಬಿಣದ ಗುಳಿಗೆ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ನಿಂಬೆಯ ನೀರಿನೊಡನೆ ನುಂಗಿರಿ. ಚಹಾ, ಹಾಲು, ಸುಣ್ಣದ ಗುಳಿಗೆಗಳೊಡನೆ ಬೇಡ. ಮಲ ಕಪ್ಪಾಗುತ್ತದೆ, ಹೆದರಬೇಡಿರಿ. ಹೊಟ್ಟೆ ಕೆಟ್ಟರೆ ಗುಳಿಗೆಯನ್ನು ತಿಪ್ಪೆಗೆಸೆಯದೆ ವೈದ್ಯರಿಗೆ ತಿಳಿಸಿರಿ. ದಿನ ಬಿಟ್ಟು ದಿನ ಕೊಡುವ ಕ್ರಮವೂ ಇದೆ, ನರದ ಮೂಲಕ ಕೊಡುವ ಕ್ರಮವೂ ಇದೆ.

ಇನ್ನು ಸೋರುವುದನ್ನು ನಿಲ್ಲಿಸುವ ಬಗೆ. ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧ ರಕ್ತ ಹೆಚ್ಚಾಗಿ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವಂಥದು. ಅದನ್ನು 1962ರಲ್ಲಿ ಲೋಕಕ್ಕೆ ಕೊಟ್ಟವರು ಜಪಾನಿನ ಉಟಾಕೋ ಒಕಾಮೋಟೋ ಎಂಬ ಸ್ತ್ರೀವಿಜ್ಞಾನಿ ಮತ್ತು ಅವರ ಪತಿ ಶೋಸುಕೆ. ರಕ್ತ ಹೆಪ್ಪುಗಟ್ಟುವ ರೋಗವುಳ್ಳವರಿಗೆ ಅದು ಸಲ್ಲದು. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಗರ್ಭಕೋಶದೊಳಗಿಟ್ಟು ಕೆಲವು ವರ್ಷ ಹಾರ್ಮೋನನ್ನು ಸ್ವಲ್ಪಸ್ವಲ್ಪವಾಗಿ ಬಿಡುವ ಸಾಧನವೊಂದಿದೆ. ಅದು ಒಳಪದರನ್ನು ತೆಳುವಾಗಿಸಿ ಸ್ರಾವವನ್ನು ತಗ್ಗಿಸುತ್ತದೆ. ಗಡ್ಡೆಯನ್ನು ಕುಗ್ಗಿಸುವ ಗುಳಿಗೆ ಚುಚ್ಚುಮದ್ದುಗಳಿವೆ. ಮಕ್ಕಳು ಬೇಕೆನ್ನುವವರಿಗೆ ಗರ್ಭಕೋಶವನ್ನುಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆಯಿದೆ. ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವ ಕ್ರಮವನ್ನು 1995ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದರು. ಇವೆಲ್ಲವೂ ಎಲ್ಲರಿಗೂ ಒಪ್ಪುವುದಿಲ್ಲ. ಎಲ್ಲ ಊರುಗಳಲ್ಲಿಯೂ ದೊರೆಯುವುದಿಲ್ಲ. ಆದರೆ ಇಂಥವಿವೆಯೆಂದು ರೋಗಿಗೆ ತಿಳಿದಿರಬೇಕು.

ಗರ್ಭಕೋಶವನ್ನು ತೆಗೆಯುವುದೇ ಸರಿಯಾದ ಉಪಾಯವಾಗುವ ಸಂದರ್ಭಗಳೂ ಇವೆ. ಹಾಗೆ ಮಾಡಿಸಿಕೊಂಡು ಸುಖವಾಗಿರುವ ಸೋದರಿಯರು ಈ ಸಭೆಯಲ್ಲಿದ್ದಾರು. ಅವರನ್ನು ನಾನು ನೋಯಿಸುತ್ತಿಲ್ಲ. ನನ್ನ ತಕರಾರು ವಿಚಾರಿಸದೆ ತೆಗೆಯುವುದಕ್ಕೆ. ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿ ವಿಚಾರಿಸಿದಾಗ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಮೇಲ್ಪಟ್ಟು ಜನ ಗರ್ಭಕೋಶವನ್ನು ಕಳೆದುಕೊಂಡಿದ್ದರು. ಮುಟ್ಟಿನಿಂದ ಒಂದು ದಿನದ ಕೂಲಿ ತಪ್ಪಿದರೆ ದಂಡ. ಆ ದಂಡಕ್ಕಿಂತ ಚೀಲವೇ ಬೇಡವೆಂದವರು ಅವರಲ್ಲಿದ್ದರು. ನಮ್ಮ ಜತ್ತ ಸೀಮೆಯಿಂದಲೂ ಪ್ರತಿ ವರ್ಷ ಬಂಡಿಗಳು ಕಬ್ಬಿಗೆ ಹೊರಡುತ್ತವೆ. ಆದುದರಿಂದ ಇದು ಪರರ ಸಂಗತಿಯಲ್ಲ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಾವಶ್ಯಕವಾದ ಇಂಥ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರವು ರೂಪಿಸಿದ ಸೂತ್ರಗಳನ್ನು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಅಂಡಾಶಯಗಳನ್ನೂ ಎಳೆಯ ವಯಸ್ಸಿನಲ್ಲಿಯೇ ಜೊತೆಗೆ ತೆಗೆದರೆ ಎಲುಬು ಸವೆಯುವ, ಹೃದಯಕ್ಕೆ ಬಾಧೆಯಾಗುವ ಅಪಾಯ ಹೆಚ್ಚುತ್ತದೆ. ಇದನ್ನು ನಮಗೆ ಮುಂಚಿತವಾಗಿ ಹೇಳುವವರು ಎಷ್ಟು ಮಂದಿ?

ಇಲ್ಲಿ ಭಾಷೆಯ ಮಾತು ಬರುತ್ತದೆ. ನನ್ನ ಕಸುಬಿನ ಮಾತು. ನಾವು ಗಡಿಯವರು ಮರಾಠಿಯ ‘ಪಿಶವಿ’ ಎಂಬ ಮಾತನ್ನು ಎರವಲು ತಂದಿದ್ದೇವೆ. ಕನ್ನಡದಲ್ಲಿ ನಾವೇ ‘ಚೀಲ’ ಎನ್ನುತ್ತೇವೆ. ಎರಡಕ್ಕೂ ಅರ್ಥ ಒಂದೇ. ಚೀಲವೆಂದ ಮೇಲೆ, ಧಾನ್ಯ ತೀರಿದ ಬಳಿಕ ಅದನ್ನು ಝಾಡಿಸಿ ಬಿಸಾಡುವುದರಲ್ಲಿ ತಪ್ಪೇನೆಂದು ತೋರುತ್ತದೆ. ಅದು ಚೀಲವಲ್ಲ, ಅಂಗ. ಕಣ್ಣು ಕಿವಿಗಳಂತೆ ಒಂದು ಅಂಗ. ಮರಾಠಿಯನ್ನು ದೂರುವ ಉದ್ದೇಶ ನನಗಿಲ್ಲ. ನನ್ನನ್ನು ಉಳಿಸಿದ ವೈದ್ಯೆ ಮರಾಠಿಯವರೇ, ನಾನು ಅವರೊಡನೆ ಮರಾಠಿಯಲ್ಲಿಯೇ ಮಾತನಾಡಿದೆ. ಆದರೆ ನನಗೆ ಓದುಬರಹವಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂವತ್ತೆರಡನೆಯ ವಯಸ್ಸಿಗೆ ಗರ್ಭಕೋಶವನ್ನು ತೆಗೆಸಿಕೊಂಡು ಬಂದಳು. ಏಕೆಂದು ಕೇಳಿದೆ. “ಬಾಯಿಯವರೇ, ಅವರು ಏನೋ ಹೇಳಿದರು, ಕ್ಯಾನ್ಸರ್ ಎಂಬ ಮಾತೊಂದು ತಿಳಿಯಿತು, ಹೆಬ್ಬೆಟ್ಟು ಒತ್ತಿದೆ” ಎಂದಳು. ನಾನೇ ಕೈಹಿಡಿದು ಅಕ್ಷರ ತಿದ್ದಿಸಿದ ಹುಡುಗಿ! ಅಂಜಿಕೆಯಲ್ಲಿ ಸಹಿಯನ್ನೇ ಮರೆತಿದ್ದಳು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸಂಧಿ ಸಮಾಸಗಳನ್ನು ಕಲಿಸಿದೆ. ತನ್ನ ನೋವನ್ನು ಹೇಳಲು, ಎದುರಿನವರನ್ನು ಪ್ರಶ್ನಿಸಲು ಬೇಕಾದ ನಾಲ್ಕು ವಾಕ್ಯಗಳನ್ನು ಕಲಿಸಲಿಲ್ಲ.

ಆ ವಾಕ್ಯಗಳನ್ನು ಈಗ ಹೇಳುತ್ತೇನೆ. ಗಡ್ಡೆ ಎಲ್ಲಿದೆ, ಎಷ್ಟಿದೆ? ನನ್ನ ತೊಂದರೆಗೆ ಅದೇ ಕಾರಣವೋ, ಥೈರಾಯ್ಡಿನಂಥ ಬೇರೆ ಕಾರಣವಿದೆಯೋ? ಈಗ ಶಸ್ತ್ರಕ್ರಿಯೆ ಮಾಡದಿದ್ದರೆ ಏನಾಗುತ್ತದೆ? ಬೇರೆ ಉಪಾಯಗಳಾವುವು? ತೆಗೆಯಲೇಬೇಕಾದರೆ ಅಂಡಾಶಯಗಳನ್ನು ಉಳಿಸುವಿರಾ? ಈ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಳ್ಳಿರಿ, ಮರಾಠಿಯಲ್ಲಿ ಬಾಯಿಪಾಠ ಮಾಡಿರಿ. ತುರ್ತಿನ ಹೊರತು ಎರಡನೆಯ ವೈದ್ಯರ ಅಭಿಪ್ರಾಯವನ್ನು ಪಡೆಯಿರಿ.

ಯಾವಾಗ ಹೋಗಬೇಕು? ಮುಟ್ಟು ಏಳು ದಿನ ಮೀರಿದರೆ, ಒಂದೆರಡು ತಾಸಿಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬಿದ್ದರೆ, ದಣಿವು ಏದುಸಿರುಗಳಿದ್ದರೆ, ಕೆಳಹೊಟ್ಟೆ ಉಬ್ಬಿ ಪದೇ ಪದೇ ಮೂತ್ರಕ್ಕೆ ಹೋಗುವಂತಾದರೆ ಹೋಗಲೇಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡಮಾಡಬಾರದು. ಗೋಡೆಯ ದಿನದರ್ಶಿಯಲ್ಲಿ ಮುಟ್ಟಿನ ದಿನಗಳಿಗೆ ಒಂದು ಗುರುತು ಮಾಡಿರಿ. ಹಾಲಿನ ಲೆಕ್ಕ ಬರೆಯುವ ಕೈಗೆ ಇದೇನು ಭಾರವೇ?

ನನ್ನ ಕಥೆಯನ್ನು ಮುಗಿಸಿಬಿಡುತ್ತೇನೆ. ಮೂರನೆಯ ವೈದ್ಯೆ ಸೋನೋಗ್ರಫಿ ಮಾಡಿಸಿ, ಗೋಡೆಯೊಳಗೆ ನಾಲ್ಕು ಸೆಂಟಿಮೀಟರಿನ ಗಡ್ಡೆಯಿದೆಯೆಂದು ಚಿತ್ರ ಬರೆದು ತೋರಿಸಿದರು. ನರದ ಮೂಲಕ ಕಬ್ಬಿಣ ಕೊಟ್ಟರು. ರಕ್ತಸ್ರಾವವನ್ನು ತಡೆಯುವ ಗುಳಿಗೆಗಳನ್ನು ಕೊಟ್ಟರು. ಅನಂತರ ನಾನು ಹೇಳಿದ ಆ ಸಾಧನವನ್ನಿಟ್ಟರು. ಇಂದು ನನ್ನ ಹಿಮೋಗ್ಲೋಬಿನ್ ಹನ್ನೆರಡನ್ನು ದಾಟಿದೆ. ಗಡ್ಡೆ ಇನ್ನೂ ನನ್ನೊಳಗೇ ಇದೆ. ಆರು ತಿಂಗಳಿಗೊಮ್ಮೆ ಹೋಗಿ ನೋಡಿಸಿಕೊಂಡು ಬರುತ್ತೇನೆ. ಅದು ಕರಗಿಲ್ಲ, ನಾನು ಕರಗುವುದು ನಿಂತಿದೆ. ಮಡಕಿಯ ಪಲ್ಯಕ್ಕೆ ನಿಂಬೆ ಹಿಂಡಿ ಉಣ್ಣುತ್ತೇನೆ. ಅದು ನನ್ನ ಮಿತ್ರನೆಂದು ಉಣ್ಣುತ್ತೇನೆ, ಮಂತ್ರವೆಂದಲ್ಲ.

ಕೊನೆಯದಾಗಿ ಸಂಘಕ್ಕೆ ಒಂದು ವಿಜ್ಞಾಪನೆ. ನಾವು ಪ್ರತಿ ವರ್ಷ ಕನ್ನಡ ಉಳಿಯಬೇಕೆಂದು ಠರಾವು ಮಾಡುತ್ತೇವೆ. ಕನ್ನಡ ಉಳಿಯುವುದು ಅದನ್ನಾಡುವ ತಾಯಂದಿರ ಮೈಯಲ್ಲಿ ರಕ್ತವಿದ್ದರೆ. ಮುಂದಿನ ಉತ್ಸವದೊಳಗೆ ಸಂಘವು ಎರಡು ಕೆಲಸಗಳನ್ನು ಕೈಗೊಳ್ಳಲಿ: ಆರೋಗ್ಯ ಕೇಂದ್ರದವರ ನೆರವಿನಿಂದ ಹೆಂಗಸರ ಹಿಮೋಗ್ಲೋಬಿನ್ ಪರೀಕ್ಷೆಯ ಒಂದು ದಿನ, ನಾನು ಹೇಳಿದ ಐದು ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಎದುರುಬದುರಾಗಿ ಅಚ್ಚು ಹಾಕಿಸಿದ ಒಂದು ಹಾಳೆ, ವೈದ್ಯರೊಬ್ಬರು ತಿದ್ದಿಕೊಟ್ಟುದು. ಕರಡನ್ನು ಓದಿ ತಪ್ಪು ತಿದ್ದುವ ಕೆಲಸ ನನ್ನದು. ಆಸ್ಪತ್ರೆಗೆ ಒಬ್ಬಳೇ ಹೋಗಲು ಅಂಜುವವಳ ಜೊತೆಗೆ ಹೋಗುವುದಕ್ಕೂ ಭಾನುವಾರಗಳ ಹೊರತಾಗಿ ಶಾಲೆಯ ಬಿಡುವಿನ ದಿನಗಳಲ್ಲೆಲ್ಲ ನಾನು ಸಿದ್ಧಳಿದ್ದೇನೆ. ಭಾನುವಾರ ಹೊರರೋಗಿ ವಿಭಾಗ ಮುಚ್ಚಿರುತ್ತದೆ.